ಡೇಟಾಬೇಸ್ ಸರ್ವರಿಗೆ ಡಿಸ್ಕ್ ಆರಿಸುವುದು ಹೇಗೆ: ಅಳತೆಯಿಂದ ಅಳವಡಿಕೆಯವರೆಗೆ

"ಹೊಸ ಎಸ್‌ಎಸ್‌ಡಿ ಹಾಕಿಸಿದ್ವಿ ಸಾರ್, ಬಿಲ್ಲಿಂಗ್ ಇನ್ನೂ ಹಂಗೇ ಎಳೀತಿದೆ." ಬೆಂಗಳೂರಿನ ಸಣ್ಣ, ಮಧ್ಯಮ ಕಚೇರಿಗಳಿಂದ ಪದೇ ಪದೇ ಬರುವ ದೂರು ಇದು. ಪೀಣ್ಯದ ಕಾರ್ಖಾನೆಯ ಇಆರ್‌ಪಿ ಇರಲಿ, ಜಯನಗರದ ಲ್ಯಾಬಿನ ರಿಪೋರ್ಟ್ ಸಾಫ್ಟ್‌ವೇರ್ ಇರಲಿ, ಚಿಕ್ಕಪೇಟೆಯ ಸಗಟು ಅಂಗಡಿಯ ಸ್ಟಾಕ್ ಲೆಕ್ಕ ಇರಲಿ, ಎಡವುವುದು ಒಂದೇ ಜಾಗದಲ್ಲಿ. ಮೊದಲು ಡಿಸ್ಕ್ ಕೊಳ್ಳುತ್ತಾರೆ, ಅಳೆಯುವುದು ಆಮೇಲೆ. ಕೊಳ್ಳುವಾಗಲೂ ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ "ಸೆಕೆಂಡಿಗೆ 7,000 ಎಂಬಿ" ನೋಡಿ ಮರುಳಾಗುತ್ತಾರೆ.

ಆ ಅಂಕಿಯಿಂದ ಡೇಟಾಬೇಸಿಗೆ ಆಗಬೇಕಾದ್ದು ತೀರಾ ಕಡಿಮೆ. ಅದಕ್ಕೆ ಬೇಕಾದ್ದು ಎರಡೇ ಸಂಗತಿ. ಒಂದು ಸಣ್ಣ ಬರಹ ಕೊಟ್ಟು "ಭದ್ರವಾಗಿ ಇಟ್ಟೆಯಾ?" ಎಂದರೆ ಡಿಸ್ಕು "ಇಟ್ಟೆ" ಎನ್ನಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ? ಹಾಗೆ ಹೇಳಿದ್ದು ನಿಜವೇ? ಇವೆರಡೂ ಡಬ್ಬದ ಮೇಲೆ ಇರುವುದಿಲ್ಲ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಕ್ರಮ ತಪ್ಪಿದರೆ ದುಡ್ಡು ದಂಡ.

## ಮೊದಲು ಕೈಯಲ್ಲಿ ಇರಬೇಕಾದ್ದು

ಲಿನಕ್ಸ್ ಸರ್ವರ್ ಎಂದಿಟ್ಟುಕೊಂಡು ಹೇಳುತ್ತಿದ್ದೇನೆ. ಡಿಸ್ಕಿನ ಕೆಲಸ ಅಳೆಯುವ ಐಒಸ್ಟ್ಯಾಟ್, ಡಿಸ್ಕಿನ ಮೇಲೆ ಕೃತಕ ಭಾರ ಹೇರಿ ಪರೀಕ್ಷಿಸುವ ಎಫ್‌ಐಒ, ಡಿಸ್ಕಿನ ಆರೋಗ್ಯ ವರದಿ ಓದುವ ಸ್ಮಾರ್ಟ್‌ಸಿಟಿಎಲ್, ಎನ್‌ವಿಎಂಇ ಎಂಬ ವೇಗದ ಬಗೆಯ ಡಿಸ್ಕುಗಳನ್ನು ನಿರ್ವಹಿಸುವ ಎನ್‌ವಿಎಂಇ-ಸಿಎಲ್‌ಐ, ಈ ನಾಲ್ಕೂ ಉಚಿತ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರಿಗೆ ಪಿಜಿ_ಟೆಸ್ಟ್_ಎಫ್‌ಸಿಂಕ್ ಎಂಬ ಪುಟ್ಟ ಸಾಧನ ಜೊತೆಯಲ್ಲೇ ಬರುತ್ತದೆ. ಇದಲ್ಲದೆ ಒಂದು ಸ್ಪ್ರೆಡ್‌ಶೀಟ್, ಪರೀಕ್ಷೆಗೆಂದು ಕನಿಷ್ಠ ಎರಡು ದಿನದ ಬಿಡುವು, ಮತ್ತು ಮರುಸ್ಥಾಪಿಸಿ ನೋಡಿದ ಬ್ಯಾಕಪ್ ಬೇಕು. ಬ್ಯಾಕಪ್ ಇದೆ ಎನ್ನುವುದು ಸಾಲದು, ಇನ್ನೊಂದು ಯಂತ್ರದ ಮೇಲೆ ಅದು ಎದ್ದು ನಿಂತಿರಬೇಕು.

## ಹಂತ 1: ತಪ್ಪು ಡಿಸ್ಕಿನದೇ ಎಂದು ಖಚಿತಪಡಿಸಿಕೊಳ್ಳಿ

ಐಒಸ್ಟ್ಯಾಟನ್ನು ವಿಸ್ತೃತ ಅಂಕಿಗಳ ಆಯ್ಕೆಯೊಂದಿಗೆ 5 ಸೆಕೆಂಡಿಗೊಮ್ಮೆ ಓಡಿಸಿ, ಫೈಲಿಗೆ ಬರೆಸಿ. ಆರಾಮದ ದಿನ ಅಳೆದು ಪ್ರಯೋಜನವಿಲ್ಲ. ತಿಂಗಳ 11ಕ್ಕೂ 20ಕ್ಕೂ ಜಿಎಸ್‌ಟಿ ರಿಟರ್ನ್ ಗಡುವು ಇರುತ್ತದೆ, ಲೆಕ್ಕದ ವಿಭಾಗದವರು ಎಲ್ಲ ರಿಪೋರ್ಟುಗಳನ್ನೂ ಒಟ್ಟಿಗೆ ಎಳೆಯುವುದು ಅದರ ಹಿಂದಿನ ದಿನಗಳಲ್ಲೇ. ಆಗ ಅಳೆಯಿರಿ.

ನೋಡಬೇಕಾದ್ದು ಸೆಕೆಂಡಿಗೆ ಎಷ್ಟು ಓದು, ಎಷ್ಟು ಬರಹ, ಮತ್ತು ಒಂದೊಂದಕ್ಕೂ ಸರಾಸರಿ ಎಷ್ಟು ಮಿಲಿಸೆಕೆಂಡ್ ಕಾಯಬೇಕಾಯಿತು ಎನ್ನುವ "ಅವೇಟ್" ಕಾಲಂಗಳು. ಕೊನೆಯಲ್ಲಿ ಬರುವ "ಯುಟಿಲ್" ಶೇಕಡಾವಾರನ್ನು ನೋಡಿ ಗಾಬರಿ ಬೀಳಬೇಡಿ. ಒಂದೇ ಸಲಕ್ಕೆ ಹತ್ತಾರು ಕೆಲಸ ಮಾಡಬಲ್ಲ ಎಸ್‌ಎಸ್‌ಡಿಯಲ್ಲಿ ಅದು 100 ತೋರಿಸಿದರೂ ಡಿಸ್ಕಿಗೆ ಇನ್ನೂ ಬೇಕಾದಷ್ಟು ಕಸುವು ಉಳಿದಿರಬಹುದು.

ಅವೇಟ್ 1 ಮಿಲಿಸೆಕೆಂಡಿಗಿಂತ ಕೆಳಗಿದ್ದೂ ಸಾಫ್ಟ್‌ವೇರ್ ಎಳೆಯುತ್ತಿದ್ದರೆ ತಪ್ಪು ಬೇರೆ ಕಡೆ ಇದೆ. ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇಲ್ಲದ ಟೇಬಲ್ ಇರಬಹುದು, ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರನ್ನು ತಡೆಯುವ ಲಾಕ್ ಇರಬಹುದು. ಓದು ವಿಪರೀತವಾಗಿದ್ದರೆ ಮೊದಲು ಮೆಮೊರಿ ಸೆಟ್ಟಿಂಗ್ ನೋಡಿ. ಮೈಎಸ್‌ಕ್ಯುಎಲ್‌ನ ಡೇಟಾ ಸಂಗ್ರಹ ಎಂಜಿನ್ ಆದ ಇನ್ನೋಡಿಬಿ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಬಫರ್ ಪೂಲಿನ ಡೀಫಾಲ್ಟ್ 128 ಎಂಬಿ, ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್ ಕೂಡ ಅಷ್ಟೇ. 64 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿದ ದಿನದಿಂದ ಇದನ್ನು ಯಾರೂ ಮುಟ್ಟಿರುವುದಿಲ್ಲ! ಅಂಥ ಕಡೆ ಡಿಸ್ಕ್ ಬದಲಿಸುವ ಮಾತೇ ಬೇಡ, ಒಂದು ಸಾಲು ತಿದ್ದಿದರೆ ಮುಗಿಯಿತು.

## ಹಂತ 2: ಕಮಿಟ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ, ಅಳೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುತ್ತೀರಾದರೆ ಇದನ್ನು ಓದಿ.

ಬಿಲ್ ಸೇವ್ ಒತ್ತಿದಾಗ ಡೇಟಾಬೇಸು ಆ ಬದಲಾವಣೆಯನ್ನು ಮೊದಲು ಲಾಗಿಗೆ ಬರೆಯುತ್ತದೆ, ಎಫ್‌ಸಿಂಕ್ ಎಂಬ ಕರೆ ಕೊಟ್ಟು ಡಿಸ್ಕಿನ ಉತ್ತರಕ್ಕೆ ಕಾಯುತ್ತದೆ. ಉತ್ತರ ಬಂದ ಮೇಲೆಯೇ "ಸೇವ್ ಆಯಿತು" ಎನ್ನುವುದು. ಇದೇ ಕಮಿಟ್. ಒಂದು ಎಫ್‌ಸಿಂಕ್‌ಗೆ 5 ಮಿಲಿಸೆಕೆಂಡ್ ಹಿಡಿದರೆ, ಒಂದು ಸಂಪರ್ಕದಿಂದ ಸೆಕೆಂಡಿಗೆ 200ಕ್ಕಿಂತ ಹೆಚ್ಚು ಕಮಿಟ್ ಸಾಧ್ಯವೇ ಇಲ್ಲ. ಡಿಸ್ಕು ಸೆಕೆಂಡಿಗೆ 7 ಜಿಬಿ ಓದಿದರೂ ಅಷ್ಟೇ, ಓದದಿದ್ದರೂ ಅಷ್ಟೇ. ಹಲವು ಸಂಪರ್ಕಗಳು ಒಟ್ಟಿಗೆ ಬಂದಾಗ ಡೇಟಾಬೇಸು ಹಲವು ಕಮಿಟ್‌ಗಳನ್ನು ಒಂದೇ ಎಫ್‌ಸಿಂಕಿನಲ್ಲಿ ಸೇರಿಸುತ್ತದೆ, ನಿಜ. ಆದರೆ ರಾತ್ರಿ ಓಡುವ ಸ್ಟಾಕ್ ಹೊಂದಾಣಿಕೆಯಂಥ ಕೆಲಸ ಒಂದೇ ಸಂಪರ್ಕದಲ್ಲಿ ಒಂದರ ಹಿಂದೊಂದು ಕಮಿಟ್ ಮಾಡುತ್ತಾ ಹೋಗುತ್ತದೆ. ಬೆಳಗಾದರೂ ಮುಗಿಯದಿರುವುದು ಅದಕ್ಕೇ.

ಪಿಜಿ_ಟೆಸ್ಟ್_ಎಫ್‌ಸಿಂಕನ್ನು ಡೇಟಾ ಇರುವ ಡಿಸ್ಕಿನ ಮೇಲಿನ ಫೈಲಿಗೆ ತೋರಿಸಿ ಓಡಿಸಿ. ಮೈಎಸ್‌ಕ್ಯುಎಲ್‌ನವರು ಎಫ್‌ಐಒ ಬಳಸಿ: ಒಂದೇ ಜಾಬ್, ಕ್ಯೂ ಡೆಪ್ತ್ 1 (ಒಮ್ಮೆಗೆ ಒಂದೇ ಕೋರಿಕೆ), 4 ಕೆಬಿ ಬರಹ, ಪ್ರತಿ ಬರಹಕ್ಕೂ ಎಫ್‌ಡೇಟಾಸಿಂಕ್ (ಎಫ್‌ಸಿಂಕಿನಂಥದೇ ಕರೆ). ಬಂದ ಅಂಕಿಯನ್ನು ಹೀಗೆ ಅರ್ಥ ಮಾಡಿಕೊಳ್ಳಿ.

7,200 ಸುತ್ತಿನ ಹಾರ್ಡ್ ಡಿಸ್ಕ್ ಒಂದು ಸುತ್ತು ತಿರುಗಲು 8.33 ಮಿಲಿಸೆಕೆಂಡ್ ಬೇಕು. ಲಾಗಿನ ಅದೇ ಜಾಗ ಮತ್ತೆ ಮುಳ್ಳಿನ ಕೆಳಗೆ ಬರುವವರೆಗೆ ಕಾಯಬೇಕಾದ್ದರಿಂದ ಸೆಕೆಂಡಿಗೆ ಸುಮಾರು 120 ಎಫ್‌ಸಿಂಕ್ ಬಂದರೆ ಡಿಸ್ಕು ಪ್ರಾಮಾಣಿಕ. ಅದೇ ಡಿಸ್ಕು 2,000 ತೋರಿಸಿದರೆ ಖುಷಿಪಡಬೇಡಿ. ಅದು ತನ್ನ ಕ್ಯಾಶ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡು "ಬರೆದೆ" ಎನ್ನುತ್ತಿದೆ, ಕರೆಂಟ್ ಹೋದರೆ ಬಿಲ್ಲೂ ಹೋಯಿತು. ಸಾಮಾನ್ಯ ಡೆಸ್ಕ್‌ಟಾಪ್ ಎಸ್‌ಎಸ್‌ಡಿಗಳಲ್ಲಿ ಒಂದು ಎಫ್‌ಸಿಂಕ್ ಅರ್ಧದಿಂದ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ. ಕೆಪಾಸಿಟರ್ ರಕ್ಷಣೆ ಇರುವ ಸರ್ವರ್ ಎಸ್‌ಎಸ್‌ಡಿಗಳಲ್ಲಿ ಅದು ಹತ್ತಾರು ಮೈಕ್ರೋಸೆಕೆಂಡಿನ ಮಾತು. ಹತ್ತಾರು ಪಟ್ಟು ವ್ಯತ್ಯಾಸ ಇರುವುದು ಇಲ್ಲಿ, ಓದುವ ವೇಗದಲ್ಲಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಿಧಾನ ಎಂದು ದೂರಿದಾಗ ಕೆಲವು ಸಾಫ್ಟ್‌ವೇರ್ ವೆಂಡರುಗಳು ಬಂದು ಇನ್ನೋಡಿಬಿಯ "ಫ್ಲಶ್ ಲಾಗ್ ಅಟ್ ಟ್ರಾನ್ಸಾಕ್ಷನ್ ಕಮಿಟ್" ಆಯ್ಕೆಯನ್ನು 1ರಿಂದ 2ಕ್ಕೆ ಇಳಿಸಿ, "ನೋಡಿ ಸಾರ್, ಸರಿಹೋಯ್ತು" ಎಂದು ಹೊರಟುಬಿಡುತ್ತಾರೆ. ಆಗ ಲಾಗ್ ಡಿಸ್ಕಿಗೆ ಇಳಿಯುವುದು ಸುಮಾರು ಸೆಕೆಂಡಿಗೊಮ್ಮೆ. ಕರೆಂಟ್ ಹೋದರೆ ಕೊನೆಯ ಸೆಕೆಂಡಿನ ವ್ಯವಹಾರ ಮಾಯ. ಚಾಟ್ ಆ್ಯಪಿಗೆ ಇದು ನಡೆದೀತು. ದುಡ್ಡು ಎಣಿಸುವ ಸರ್ವರಿಗೆ ನಾನಂತೂ ಒಪ್ಪುವುದಿಲ್ಲ.

## ಹಂತ 3: ಪವರ್ ಲಾಸ್ ಪ್ರೊಟೆಕ್ಷನ್ ಇಲ್ಲದ್ದನ್ನು ಪಟ್ಟಿಯಿಂದ ಹೊಡೆದುಹಾಕಿ

ಎಸ್‌ಎಸ್‌ಡಿಯ ಬೋರ್ಡಿನ ಮೇಲೆ ಸಾಲಾಗಿ ಕೂತ ಕೆಪಾಸಿಟರುಗಳು ಕರೆಂಟ್ ಕಡಿದ ಕ್ಷಣದಲ್ಲಿ ಕ್ಯಾಶ್‌ನಲ್ಲಿದ್ದುದನ್ನು ಫ್ಲಾಶಿಗೆ ಇಳಿಸುವಷ್ಟು ಶಕ್ತಿ ಹಿಡಿದಿಟ್ಟಿರುತ್ತವೆ. ಇದೇ ಪಿಎಲ್‌ಪಿ. ಕೆಪಾಸಿಟರಿನ ಧೈರ್ಯ ಇರುವುದರಿಂದ ಆ ಡಿಸ್ಕು ಎಫ್‌ಸಿಂಕ್‌ಗೆ ತಕ್ಷಣ ಉತ್ತರ ಕೊಡಬಲ್ಲದು, ಕೊಟ್ಟ ಮಾತು ಸುಳ್ಳೂ ಆಗುವುದಿಲ್ಲ. ವೇಗ, ಭದ್ರತೆ ಎರಡೂ ಒಂದೇ ಭಾಗದಿಂದ ಸಿಗುವುದರಿಂದ ಡೇಟಾಬೇಸ್ ಸರ್ವರಿನಲ್ಲಿ ಇದು ಐಚ್ಛಿಕ ಅಲ್ಲ.

"ಯುಪಿಎಸ್ ಇದೆಯಲ್ಲ ಸಾರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಯುಪಿಎಸ್ ಕಾಯುವುದು ಬೆಸ್ಕಾಂ ಕರೆಂಟ್ ಹೋದಾಗ ಮಾತ್ರ. ಸರ್ವರಿನ ಪವರ್ ಸಪ್ಲೈ ಸುಟ್ಟರೆ, ಗುಡಿಸಲು ಬಂದವರು ಪ್ಲಗ್ ಎಳೆದರೆ, ಯಾರೋ ಪವರ್ ಬಟನ್ ಒತ್ತಿ ಹಿಡಿದರೆ ಅದು ಏನೂ ಮಾಡಲಾರದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಂಜೆಗೆ ಮೂರು ಸಲ ಕರೆಂಟ್ ಹೋಗಿ ಬಂದರೆ ಹಳೇ ಬ್ಯಾಟರಿಯ ಯುಪಿಎಸ್ ಜನರೇಟರ್ ಹತ್ತಿಕೊಳ್ಳುವ ಮೊದಲೇ ಕೈಚೆಲ್ಲುತ್ತದೆ.

ಪಿಎಲ್‌ಪಿ ಇದೆಯೇ ಎಂದು ತಿಳಿಯಲು ಅಂಗಡಿಯವರ ಮಾತು ಬೇಡ, ಆ ಮಾಡೆಲಿನ ಡೇಟಾಶೀಟ್ ತೆಗೆಯಿರಿ. ಹೋಟೆಲ್ ಮೆನುವಿನಂತೆ ಎಲ್ಲವನ್ನೂ ಹೊಗಳುವ ಬ್ರೋಷರ್ ಬೇಡ. ಕೆಲವು ಡೆಸ್ಕ್‌ಟಾಪ್ ಡಿಸ್ಕುಗಳು ಆಗಲೇ ಫ್ಲಾಶಿಗೆ ಇಳಿದ ಡೇಟಾವನ್ನು ಮಾತ್ರ ಕಾಪಾಡಿ ಅದನ್ನೇ "ಪವರ್ ಲಾಸ್" ರಕ್ಷಣೆ ಎಂದು ಬರೆದುಕೊಳ್ಳುತ್ತವೆ. ಬರಹದ ದಾರಿಯಲ್ಲಿದ್ದ ಡೇಟಾಕ್ಕೂ ರಕ್ಷಣೆ ಇದೆ ಎಂದು ಸ್ಪಷ್ಟವಾಗಿ ಹೇಳಿರಬೇಕು.

ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವ ಕಾರ್ಡ್) ಬಳಸುವವರಿಗೂ ಇದೇ ಪ್ರಶ್ನೆ. ಕಾರ್ಡಿನ ಕ್ಯಾಶಿಗೆ ಬ್ಯಾಟರಿಯೋ ಕೆಪಾಸಿಟರೋ ಇದ್ದರೆ ಮಾತ್ರ ರೈಟ್-ಬ್ಯಾಕ್ (ಕ್ಯಾಶಿಗೆ ಬಂದ ಕೂಡಲೇ "ಬರೆದೆ" ಎನ್ನುವ ಕ್ರಮ) ಇಡಿ. ಬ್ಯಾಟರಿ ಸತ್ತರೆ ಕಾರ್ಡು ತಾನೇ ರೈಟ್-ಥ್ರೂಗೆ (ಡಿಸ್ಕಿಗೆ ಇಳಿದ ಮೇಲೆಯೇ ಉತ್ತರಿಸುವ ಕ್ರಮಕ್ಕೆ) ಇಳಿದು ಸರ್ವರ್ ದಿಢೀರನೆ ನಿಧಾನವಾಗುತ್ತದೆ. ಅದು ಸೂಚನೆ. ಬ್ಯಾಟರಿ ಬದಲಿಸುವುದು ಬಿಟ್ಟು "ಯಾವಾಗಲೂ ರೈಟ್-ಬ್ಯಾಕ್" ಎಂದು ಒತ್ತಾಯ ಮಾಡುವವರು ಬೆಂಕಿಯ ಅಲಾರಂ ವೈರ್ ಕತ್ತರಿಸುತ್ತಿದ್ದಾರೆ ಅಷ್ಟೇ.

## ಹಂತ 4: ಸಾಟಾ, ಎನ್‌ವಿಎಂಇ, ಮತ್ತು ನಿಮ್ಮ ಕ್ಯಾಬಿನೆಟ್

ಡಿಸ್ಕನ್ನು ಸರ್ವರಿಗೆ ಜೋಡಿಸುವ ಹಳೇ ದಾರಿ ಸಾಟಾ, ಹೊಸದು ಎನ್‌ವಿಎಂಇ. ಸಾಟಾ ದಾರಿಯ ಗರಿಷ್ಠ ಸೆಕೆಂಡಿಗೆ ಸುಮಾರು 550 ಎಂಬಿ, ಸಾಲಿನಲ್ಲಿ ಒಮ್ಮೆಗೆ 32 ಕೋರಿಕೆ. ಎನ್‌ವಿಎಂಇಯಲ್ಲಿ ಸಾವಿರಾರು ಸಾಲುಗಳಿಗೆ ಅವಕಾಶವಿದೆ. ಹೊಸ ಸರ್ವರ್ ಆದರೆ ಎನ್‌ವಿಎಂಇ ತೆಗೆದುಕೊಳ್ಳಿ, ಚರ್ಚೆ ಬೇಡ. ಹಳೇ ಸರ್ವರಿನಲ್ಲಿ ಸಾಟಾ ಬೇ ಮಾತ್ರ ಇದ್ದರೆ ಪಿಎಲ್‌ಪಿ ಇರುವ ಸಾಟಾ ಎಸ್‌ಎಸ್‌ಡಿ ಹಾಕಿ. 30 ಜನ ಕೂತು ಬಿಲ್ ಹಾಕುವ ಕಚೇರಿಗೆ ಅದು ಧಾರಾಳ. ಪಿಎಲ್‌ಪಿ ಇಲ್ಲದ ಎನ್‌ವಿಎಂಇಗಿಂತ ಪಿಎಲ್‌ಪಿ ಇರುವ ಸಾಟಾ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಕಾರ ಮರೆಯಬೇಡಿ. ಪಿಎಲ್‌ಪಿ ಇರುವ ಎಂ.2 (ಮದರ್‌ಬೋರ್ಡಿಗೇ ಸಿಕ್ಕಿಸುವ ಪಟ್ಟಿಯಾಕಾರದ) ಡಿಸ್ಕುಗಳು ಹೆಚ್ಚಾಗಿ 110 ಮಿಲಿಮೀಟರ್ ಉದ್ದ ಇರುತ್ತವೆ, ಡೆಸ್ಕ್‌ಟಾಪ್ ಮದರ್‌ಬೋರ್ಡುಗಳ ಸ್ಕ್ರೂ 80ರಲ್ಲೇ ನಿಲ್ಲುತ್ತದೆ. ತಂದ ಮೇಲೆ ತಲೆ ಕೆರೆದುಕೊಳ್ಳುವ ಬದಲು ಮೊದಲೇ ಸ್ಕೇಲ್ ಹಿಡಿದು ಅಳೆಯಿರಿ. ಎರಡೂವರೆ ಇಂಚಿನ ಯು.2 ಡಿಸ್ಕುಗಳು ಬರಹದ ಭರಾಟೆಯಲ್ಲಿ 20 ವ್ಯಾಟಿನ ಆಸುಪಾಸು ಎಳೆಯಬಲ್ಲವು. ಮುಂದಿನಿಂದ ಗಾಳಿ ನುಗ್ಗಿಸುವ ರ‍್ಯಾಕ್ ಸರ್ವರಿಗೆಂದು ಮಾಡಿದ ಅವನ್ನು ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಮೂಲೆಗೆ ತುರುಕಿದರೆ ಬಿಸಿಯಾಗಿ ತಾವೇ ವೇಗ ಇಳಿಸಿಕೊಳ್ಳುತ್ತವೆ.

## ಹಂತ 5: ಆಯಸ್ಸಿನ ಲೆಕ್ಕ ಹಾಕಿ

ಎನ್‌ವಿಎಂಇ ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ (ಡಿಸ್ಕು ತನ್ನ ಬಗ್ಗೆ ತಾನೇ ಇಡುವ ದಾಖಲೆಯಲ್ಲಿ) "ಡೇಟಾ ಯೂನಿಟ್ಸ್ ರಿಟನ್" ಎಂಬ ಸಾಲಿದೆ. ಒಂದು ಯೂನಿಟ್ ಎಂದರೆ 5,12,000 ಬೈಟ್. ಇವತ್ತಿನ ಅಂಕಿ ಬರೆದಿಟ್ಟು, 7 ದಿನ ಬಿಟ್ಟು ಮತ್ತೆ ನೋಡಿ. ವ್ಯತ್ಯಾಸ 42 ಲಕ್ಷ ಯೂನಿಟ್ ಎಂದಿಟ್ಟುಕೊಳ್ಳಿ. ಅಂದರೆ 2.15 ಟಿಬಿ, ದಿನಕ್ಕೆ ಸುಮಾರು 307 ಜಿಬಿ. ಬಿಲ್ಲುಗಳ ಗಾತ್ರ ನೋಡಿದರೆ ಇಷ್ಟು ಹೇಗೆ ಎನಿಸುತ್ತದೆ. ಇನ್ನೋಡಿಬಿ ಒಂದೊಂದು 16 ಕೆಬಿ ಪುಟವನ್ನೂ ಡಬಲ್‌ರೈಟ್ ಬಫರ್ ಎಂಬ ಸುರಕ್ಷತೆಯ ಜಾಗಕ್ಕೊಮ್ಮೆ, ಅದರ ಸ್ವಂತ ಜಾಗಕ್ಕೊಮ್ಮೆ ಬರೆಯುತ್ತದೆ. ಪೋಸ್ಟ್‌ಗ್ರೆಸ್ ಚೆಕ್‌ಪಾಯಿಂಟ್ (ಮೆಮೊರಿಯ ಬದಲಾವಣೆಗಳನ್ನೆಲ್ಲ ಡಿಸ್ಕಿಗೆ ಇಳಿಸುವುದು) ಆದ ಮೇಲೆ ಮೊದಲ ಸಲ ಮುಟ್ಟಿದ 8 ಕೆಬಿ ಪುಟವನ್ನು ಇಡಿಯಾಗಿ ಲಾಗಿಗೂ ಹಾಕುತ್ತದೆ.

ಸರ್ವರ್ ಡಿಸ್ಕುಗಳ ತಾಳಿಕೆಯನ್ನು ಡಿಡಬ್ಲ್ಯುಪಿಡಿ ಎಂದು ಹೇಳುತ್ತಾರೆ: ವಾರಂಟಿ ಅವಧಿಯಲ್ಲಿ ದಿನಕ್ಕೆ ಎಷ್ಟು ಸಲ ಡಿಸ್ಕನ್ನು ಪೂರ್ತಿ ತುಂಬಿ ಬರೆಯಬಹುದು ಎಂಬ ಲೆಕ್ಕ. 960 ಜಿಬಿ, 5 ವರ್ಷ, 1 ಡಿಡಬ್ಲ್ಯುಪಿಡಿ ಎಂದರೆ 1,752 ಟಿಬಿ. ನಮ್ಮ ಉದಾಹರಣೆಯ 307 ಜಿಬಿ ಅದರಲ್ಲಿ 0.32 ಮಾತ್ರ. ಹಾಗಾಗಿ ದುಬಾರಿಯ 3 ಡಿಡಬ್ಲ್ಯುಪಿಡಿ ಮಾಡೆಲ್ ಬೇಕಿಲ್ಲ. ಸಣ್ಣ ಕಚೇರಿಗಳು ಎಸ್‌ಎಸ್‌ಡಿ ಸವೆದುಹೋಗುತ್ತದೆ ಎಂದು ಹೆದರಿ ಇಲ್ಲಿ ದುಡ್ಡು ಸುರಿಯುತ್ತವೆ, ಪಿಎಲ್‌ಪಿಯಲ್ಲಿ ಉಳಿತಾಯ ಮಾಡುತ್ತವೆ. ಆಗಬೇಕಾದ್ದು ತಿರುಗಾಮುರುಗಾ.

## ಹಂತ 6: ಗಾತ್ರ ಮತ್ತು ರೇಡ್

ಗಾತ್ರಕ್ಕೆ ನನ್ನ ಲೆಕ್ಕ ಇಷ್ಟೇ: ಮೂರು ವರ್ಷದ ನಂತರದ ಡೇಟಾ, ಅದರ ಇಂಡೆಕ್ಸ್, ಲಾಗ್, ಜೊತೆಗೆ ಅತಿ ದೊಡ್ಡ ಟೇಬಲಿನ ಇನ್ನೊಂದು ಪ್ರತಿ ಹಿಡಿಸುವಷ್ಟು ಜಾಗ, ಇಷ್ಟಾದ ಮೇಲೂ ಕಾಲುಭಾಗ ಖಾಲಿ. ದೊಡ್ಡ ಟೇಬಲಿನ ರಚನೆ ಬದಲಿಸುವಾಗ ಡೇಟಾಬೇಸು ಬಹಳ ಸಲ ಪೂರ್ತಿ ನಕಲು ಮಾಡುತ್ತದೆ. ಆಗ ಡಿಸ್ಕ್ ತುಂಬಿ ಸರ್ವರ್ ನಿಂತರೆ ಅದಕ್ಕಿಂತ ಫಜೀತಿ ಇಲ್ಲ.

ಡಿಸ್ಕ್ ಎರಡಾದರೆ ರೇಡ್ 1 (ಎರಡರಲ್ಲೂ ಒಂದೇ ಡೇಟಾ), ನಾಲ್ಕಾದರೆ ರೇಡ್ 10 (ಅಂಥ ಎರಡು ಜೋಡಿ). ಹಾರ್ಡ್ ಡಿಸ್ಕುಗಳ ರೇಡ್ 5ರಲ್ಲಿ ಒಂದು ಚಿಕ್ಕ ಬರಹಕ್ಕೆ ಹಳೇ ಡೇಟಾ ಓದು, ಹಳೇ ಪ್ಯಾರಿಟಿ (ಡಿಸ್ಕ್ ಸತ್ತರೆ ಡೇಟಾ ಮರಳಿ ಕಟ್ಟಲು ಇಡುವ ಲೆಕ್ಕ) ಓದು, ಎರಡನ್ನೂ ಹೊಸದಾಗಿ ಬರೆ ಎಂದು ನಾಲ್ಕು ಕೆಲಸ, ರೇಡ್ 6ರಲ್ಲಿ ಆರು. ರೇಡ್ 10ರಲ್ಲಿ ಎರಡೇ. ಜಾಗ ಹೆಚ್ಚು ಸಿಗುತ್ತದೆಂದು ಡೇಟಾಬೇಸನ್ನು ರೇಡ್ 5ಕ್ಕೆ ಹಾಕಿದವರ ಗೋಳು ಶುರುವಾಗುವುದು ಇಲ್ಲಿಂದ. ಎನ್‌ವಿಎಂಇಗೆ ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಸಾಕು, ಕಾರ್ಡಿನ ಖರ್ಚು ಬೇಡ.

ಜೋಡಿಯ ಎರಡೂ ಡಿಸ್ಕು ಒಂದೇ ಬ್ಯಾಚಿನವು ಆಗದಂತೆ ನೋಡಿಕೊಳ್ಳಿ, ಫರ್ಮ್‌ವೇರ್ ತಾಜಾ ಇಡಿ. 2019ರ ನವೆಂಬರಿನಲ್ಲಿ ಸರ್ವರ್ ತಯಾರಕ ಎಚ್‌ಪಿಇ ತನ್ನ ಕೆಲವು ಎಸ್‌ಎಎಸ್ ಎಸ್‌ಎಸ್‌ಡಿಗಳ ಬಗ್ಗೆ ಪ್ರಕಟಣೆ ಹೊರಡಿಸಿತು: ಫರ್ಮ್‌ವೇರ್ ದೋಷದಿಂದ ಅವು 32,768 ಗಂಟೆ ಓಡಿದ ಕೂಡಲೇ ಸತ್ತುಹೋಗುತ್ತಿದ್ದವು. ಒಂದೇ ದಿನ ಆನ್ ಮಾಡಿದ ರೇಡಿನ ಡಿಸ್ಕುಗಳು ಒಂದೇ ಗಂಟೆಯಲ್ಲಿ ಹೋಗುವ ಸ್ಥಿತಿ. ಅಂಥಲ್ಲಿ ರೇಡ್ ಏನು ಮಾಡೀತು?

ಬ್ಯಾಕಪ್ಪಿಗೆ ಹಾರ್ಡ್ ಡಿಸ್ಕ್ ಸಾಕು, ಸಿಎಂಆರ್ (ಸಾಲುಗಳನ್ನು ಪಕ್ಕಪಕ್ಕ ಬರೆಯುವ ಬಗೆ) ನೋಡಿ ಕೊಳ್ಳಿ. ಎಸ್‌ಎಂಆರ್ (ಒಂದು ಸಾಲಿನ ಮೇಲೆ ಇನ್ನೊಂದನ್ನು ಹೊದಿಸಿ ಬರೆಯುವ) ಡಿಸ್ಕುಗಳು ರೇಡ್ ಮರುನಿರ್ಮಾಣದಲ್ಲಿ ದಿನಗಟ್ಟಲೆ ತೆವಳುತ್ತವೆ.

ಕ್ಲೌಡ್‌ನಲ್ಲಿ ಇರುವವರಿಗೆ ಎರಡೇ ಮಾತು: ಅಲ್ಲಿ ಡಿಸ್ಕಿನ ವೇಗ ನೀವು ಕೊಂಡ ಪ್ಲಾನಿನ ಮಿತಿ. ಅಮೆಜಾನಿನ ಕ್ಲೌಡ್ ಎಡಬ್ಲ್ಯುಎಸ್‌ನ ಜಿಪಿ3 ಡಿಸ್ಕಿನ ಗಾತ್ರ ಎಷ್ಟೇ ಇದ್ದರೂ 3,000 ಐಒಪಿಎಸ್ (ಸೆಕೆಂಡಿಗೆ ಓದು-ಬರಹದ ಸಂಖ್ಯೆ), ಸೆಕೆಂಡಿಗೆ 125 ಎಂಬಿಯಿಂದ ಶುರು, ಹೆಚ್ಚಿಗೆ ಬೇಕಾದರೆ ಹೆಚ್ಚಿಗೆ ದುಡ್ಡು. ಯಂತ್ರಕ್ಕೇ ಅಂಟಿಕೊಂಡ ಲೋಕಲ್ ಡಿಸ್ಕು ಯಂತ್ರ ನಿಲ್ಲಿಸಿದರೆ ಖಾಲಿಯಾಗುತ್ತದೆ.

## ಹಂತ 7: ಕೊಳ್ಳುವಾಗ

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌.ಪಿ. ರೋಡಿಗೆ ಹೋಗುವ ಮುನ್ನ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೆ ಬರೆದುಕೊಂಡು ಹೋಗಿ. "ಸೇಮ್ ಚಿಪ್ಪೇ ಸಾರ್, ಅರ್ಧ ರೇಟು" ಎಂಬ ಮಾತಿಗೆ ಅಲ್ಲಿ ಬರವಿಲ್ಲ. ಒಂದೇ ಸರಣಿಯಲ್ಲಿ ಕೊನೆಯ ಎರಡು ಅಕ್ಷರ ಬದಲಾದರೆ ತಾಳಿಕೆಯೂ ಬದಲಾಗಿರುತ್ತದೆ.

ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಜೊತೆ ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಇರಲಿ. ಅಂಗಡಿಯಲ್ಲೇ ನಿಂತು, ತಯಾರಕರ ವೆಬ್‌ಸೈಟಿನಲ್ಲಿ ಆ ಸೀರಿಯಲ್ ಹಾಕಿ ವಾರಂಟಿ ನೋಡಿ. ದೊಡ್ಡ ಸರ್ವರ್ ಕಂಪನಿಗಳಿಗೆಂದು ಹೋದ ಓಇಎಂ ಮಾಲು ಹೊರಗೆ ಬಂದಿದ್ದರೆ ಡಿಸ್ಕ್ ಅಸಲಿಯೇ, ಆದರೆ ವಾರಂಟಿ ಸಾಮಾನ್ಯವಾಗಿ ನಿಮಗೆ ಸಿಗುವುದಿಲ್ಲ. "ನಾವೇ ಬದಲಿಸಿ ಕೊಡ್ತೀವಿ ಸಾರ್" ಎಂದರೆ ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಮನೆಗೆ ತಂದ ಕೂಡಲೇ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಓಡಿದ ಗಂಟೆ, ಬರೆದ ಡೇಟಾ ನೋಡಿ. ಹೊಸದು ಎಂದರೆ ಎರಡೂ ಸೊನ್ನೆಯ ಆಸುಪಾಸು. ಹಾರ್ಡ್ ಡಿಸ್ಕ್ ಆದರೆ ಇಷ್ಟೂ ಸಾಲದು. 2025ರ ಆರಂಭದಲ್ಲಿ ಯುರೋಪಿನ ಮಾರುಕಟ್ಟೆಯಲ್ಲಿ ಬಳಸಿದ ಸೀಗೇಟ್ ಡಿಸ್ಕುಗಳನ್ನು ಸ್ಮಾರ್ಟ್ ಅಂಕಿ ಅಳಿಸಿ ಹೊಸದೆಂದು ಮಾರಿದ್ದು ಬಯಲಾಯಿತು. ಡಿಸ್ಕಿನೊಳಗಿನ ಫಾರ್ಮ್ ಎಂಬ ಇನ್ನೊಂದು ದಾಖಲೆಯಲ್ಲಿ ನಿಜವಾದ ಗಂಟೆಗಳು ಹಾಗೇ ಉಳಿದಿದ್ದವು. ಹೊಸ ಸ್ಮಾರ್ಟ್‌ಸಿಟಿಎಲ್ ಅದನ್ನೂ ಓದಿ ತೋರಿಸುತ್ತದೆ.

## ಹಂತ 8: ಡೇಟಾ ಹಾಕುವ ಮೊದಲು ಹಿಂಡಿ ನೋಡಿ

ಕಚ್ಚಾ ಡಿಸ್ಕಿನ ಮೇಲೆ ಎಫ್‌ಐಒ ಬರಹ ಓಡಿಸಿದರೆ ಅದರಲ್ಲಿದ್ದುದೆಲ್ಲ ಅಳಿಯುತ್ತದೆ. ಎಂಟರ್ ಒತ್ತುವ ಮುನ್ನ ಡಿಸ್ಕಿನ ಹೆಸರನ್ನಲ್ಲ, ಸೀರಿಯಲ್ ನಂಬರನ್ನು ತಾಳೆ ನೋಡಿ. ರೀಬೂಟ್ ಆದರೆ ಹೆಸರುಗಳು ಅದಲುಬದಲಾಗುತ್ತವೆ.

ಹೊಸ ಎಸ್‌ಎಸ್‌ಡಿ ಖಾಲಿ ಇದ್ದಾಗ ಎಲ್ಲವೂ ಚಂದ. ಅದಕ್ಕೇ, ಮೊದಲು ಇಡೀ ಡಿಸ್ಕನ್ನು ಎರಡು ಸಲ ತುಂಬಿ ಬರೆಯಿರಿ. ಆಮೇಲೆ ನಿಮ್ಮ ಡೇಟಾಬೇಸಿನ ಪುಟದ ಗಾತ್ರದಲ್ಲಿ, ಹಂತ 1ರಲ್ಲಿ ಸಿಕ್ಕ ಓದು-ಬರಹದ ಪ್ರಮಾಣದಲ್ಲಿ, ಚೆಲ್ಲಾಪಿಲ್ಲಿ ಜಾಗಗಳಿಗೆ ಕನಿಷ್ಠ ಒಂದು ಗಂಟೆ ಓಡಿಸಿ. ಒಂದು ನಿಮಿಷದ ಪರೀಕ್ಷೆಯಲ್ಲಿ ನೀವು ಅಳೆಯುವುದು ಡಿಸ್ಕಿನ ಕ್ಯಾಶನ್ನು ಮಾತ್ರ. ಸರಾಸರಿ ನೋಡಿ ಬಿಡಬೇಡಿ, 99.9ನೇ ಪರ್ಸೆಂಟೈಲ್ ನೋಡಿ. ಸಾವಿರಕ್ಕೊಂದು ಕೋರಿಕೆ ಅರ್ಧ ಸೆಕೆಂಡ್ ನಿಂತರೆ ಕೌಂಟರಿನಲ್ಲಿ ಕೂತವರಿಗೆ ನೆನಪಿರುವುದು ಅದೊಂದೇ.

ಕೊನೆಯದು ಪ್ಲಗ್ ಎಳೆಯುವ ಪರೀಕ್ಷೆ. ಡಿಸ್ಕ್‌ಚೆಕರ್ ಎಂಬ ಹಳೇ ಸ್ಕ್ರಿಪ್ಟ್ ಇದೆ. ಅದು ಡಿಸ್ಕಿಗೆ ಬರೆಯುತ್ತಾ, ಡಿಸ್ಕು "ಆಯಿತು" ಎಂದದ್ದನ್ನೆಲ್ಲ ಇನ್ನೊಂದು ಯಂತ್ರದಲ್ಲಿ ದಾಖಲಿಸುತ್ತದೆ. ನಡುವೆ ಸರ್ವರಿನ ಪವರ್ ಕೇಬಲ್ ಕಿತ್ತುಬಿಡಿ. ರೀಸೆಟ್ ಬಟನ್ ಸಾಲದು, ಅದರಿಂದ ಡಿಸ್ಕಿನ ಕರೆಂಟ್ ಹೋಗುವುದಿಲ್ಲ. ಮತ್ತೆ ಆನ್ ಮಾಡಿ ತಾಳೆ ಹಾಕಿದಾಗ ಒಂದೇ ಒಂದು ಬರಹ ಕಾಣೆಯಾಗಿದ್ದರೂ ಆ ಡಿಸ್ಕನ್ನು ವಾಪಸ್ ಕೊಡಿ.

ಪಾಸಾದ ಮೇಲೆ ಡೇಟಾಬೇಸಿಗೂ ಡಿಸ್ಕ್ ಬದಲಾಗಿದ್ದನ್ನು ತಿಳಿಸಿ. ಪೋಸ್ಟ್‌ಗ್ರೆಸ್‌ನ ರ‍್ಯಾಂಡಮ್ ಪೇಜ್ ಕಾಸ್ಟ್ (ಚೆಲ್ಲಾಪಿಲ್ಲಿ ಓದಿಗೆ ಅದು ಕಟ್ಟುವ ಬೆಲೆ) ಡೀಫಾಲ್ಟ್ 4, ಎಸ್‌ಎಸ್‌ಡಿಗೆ 1.1 ಸರಿಹೊಂದುತ್ತದೆ. ಮೈಎಸ್‌ಕ್ಯುಎಲ್ 8.0ರ ಐಒ ಕೆಪಾಸಿಟಿ (ಹಿನ್ನೆಲೆ ಕೆಲಸಕ್ಕೆ ಸೆಕೆಂಡಿಗೆ ಎಷ್ಟು ಓದು-ಬರಹ ಎಂಬ ಮಿತಿ) ಡೀಫಾಲ್ಟ್ 200, ಅದು ಹಾರ್ಡ್ ಡಿಸ್ಕ್ ಕಾಲದ್ದು.

## ಹಂತ 9: ಓಡುತ್ತಿರುವಾಗ ಗಮನಿಸಬೇಕಾದ ಲಕ್ಷಣಗಳು

ಸ್ಮಾರ್ಟ್ ವರದಿಯನ್ನು ದಿನಕ್ಕೊಮ್ಮೆ ತೆಗೆದು ಮೇಲ್ ಬರುವಂತೆ ಮಾಡಿ. "ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್" ಸೊನ್ನೆಯಿಂದ ಮೇಲೇರಿದರೆ ಅಂದೇ ಬದಲಿ ಡಿಸ್ಕ್ ತರಿಸಿ. "ಅವೈಲಬಲ್ ಸ್ಪೇರ್" 100ರಿಂದ ಇಳಿಯತೊಡಗಿದರೂ ಹಾಗೆಯೇ. "ವಾರ್ನಿಂಗ್ ಟೆಂಪರೇಚರ್ ಟೈಮ್" ಏರಿದರೆ ಗಾಳಿಯ ದಾರಿ ಕಟ್ಟಿದೆ. ಪೀಣ್ಯದಲ್ಲಿ ಗ್ರೈಂಡಿಂಗ್ ಧೂಳು ಫಿಲ್ಟರಿನಲ್ಲಿ ಕೂತಿರುತ್ತದೆ, ಮೊದಲು ಅದನ್ನು ತೆಗೆಯಿರಿ. ಸಾಟಾದಲ್ಲಿ ಸಿಆರ್‌ಸಿ ಎರರ್ (ದಾರಿಯಲ್ಲಿ ಡೇಟಾ ಕೆಟ್ಟ ಸಲಗಳ ಲೆಕ್ಕ) ಏರಿದರೆ ಡಿಸ್ಕನ್ನು ಬೈಯುವ ಮುನ್ನ ಕೇಬಲ್ ಬದಲಿಸಿ. ನನಗೆ ತುಂಬ ಇಷ್ಟವಾದ ಸಾಲು "ಅನ್‌ಸೇಫ್ ಶಟ್‌ಡೌನ್ಸ್". ಯುಪಿಎಸ್ ಚೆನ್ನಾಗಿದೆ ಎಂದು ಯಾರು ಎಷ್ಟೇ ಹೇಳಲಿ, ಈ ಅಂಕಿ ಏರುತ್ತಿದ್ದರೆ ಚೆನ್ನಾಗಿಲ್ಲ.

ಲಾಗಿನಲ್ಲಿ ಎಫ್‌ಸಿಂಕ್ ವಿಫಲವಾಯಿತು ಎಂದು ಬಂದರೆ ಸುಮ್ಮನೆ ಮುಂದುವರಿಸಬೇಡಿ. ಒಮ್ಮೆ ವಿಫಲವಾದ ಬರಹವನ್ನು ಲಿನಕ್ಸ್ ಕೈಬಿಟ್ಟು, ಮುಂದಿನ ಎಫ್‌ಸಿಂಕಿಗೆ "ಸರಿ" ಎನ್ನಬಹುದು ಎಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ತಂಡದಲ್ಲಿ ದೊಡ್ಡ ಚರ್ಚೆಯಾಯಿತು. 2019ರ ಫೆಬ್ರುವರಿಯ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್ ಇಂಥ ಸಂದರ್ಭದಲ್ಲಿ ಬೇಕೆಂದೇ ಕುಸಿದು, ಲಾಗಿನಿಂದ ಮರಳಿ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಹಳೇ ಆವೃತ್ತಿ ಓಡುತ್ತಿದ್ದರೆ ಡಿಸ್ಕಿಗೆ ಮುಂಚೆ ಅದನ್ನು ಬದಲಿಸಿ.

ಡಿಸ್ಕ್ ಬದಲಿಸುವ ದಿನ ಮೊದಲು ಬ್ಯಾಕಪ್, ಆಮೇಲೆ ಸ್ಕ್ರೂಡ್ರೈವರ್. ಪ್ರತಿ ಬೇಯ ಮುಂದೆ ಒಳಗಿನ ಡಿಸ್ಕಿನ ಸೀರಿಯಲ್ಲಿನ ಕೊನೆಯ ನಾಲ್ಕು ಅಕ್ಷರ ಬರೆದು ಚೀಟಿ ಅಂಟಿಸಿರಿ. ರೇಡ್ 1ರಲ್ಲಿ ಕೆಟ್ಟಿದ್ದನ್ನು ಬಿಟ್ಟು ಚೆನ್ನಾಗಿರುವುದನ್ನು ಎಳೆಯುವ ಅನಾಹುತ ಇದೊಂದರಿಂದಲೇ ತಪ್ಪುತ್ತದೆ. ತೆಗೆದ ಎಸ್‌ಎಸ್‌ಡಿಯನ್ನು "ಬ್ಯಾಕಪ್ ಇರಲಿ" ಎಂದು ಕಪಾಟಿನಲ್ಲಿ ಇಡಬೇಡಿ. ಆಯಸ್ಸು ಮುಗಿಸಿದ ಸರ್ವರ್ ಎಸ್‌ಎಸ್‌ಡಿ ಕರೆಂಟಿಲ್ಲದೆ 40 ಡಿಗ್ರಿಯಲ್ಲಿ 3 ತಿಂಗಳು ಡೇಟಾ ಹಿಡಿದಿಟ್ಟರೆ ಚಿಪ್ ಉದ್ಯಮದ ಜೆಡೆಕ್ ಮಾನದಂಡದ ಲೆಕ್ಕದಲ್ಲಿ ಅದು ಪಾಸು. ಗುಜರಿಗೆ ಕೊಡುವ ಮುಂಚೆ ಎನ್‌ವಿಎಂಇ-ಸಿಎಲ್‌ಐಯ ಡಿಸ್ಕನ್ನು ಪೂರ್ತಿ ಅಳಿಸುವ ಸ್ಯಾನಿಟೈಜ್ ಓಡಿಸಿ, ಅದು ಮುಗಿದಿದ್ದನ್ನು ನೋಡಿಯೇ ಕೊಡಿ.